ಮೂರನೆಯ ರೊಟ್ಟಿ

ಹೋಟೆಲು ಒಳ್ಳೆಯದೋ ಕೆಟ್ಟದ್ದೋ ಎಂದು ಮುಂಬಾಗಿಲಲ್ಲಿ ನಿಂತು ತಿಳಿಯಲು ಹೋಗುವವರನ್ನು ಕಂಡರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ. ಹಿಂದೆ ಹೋಗಿ. ಹಿಂಬಾಗಿಲಲ್ಲಿ ಖಾಲಿ ಡಬ್ಬಗಳು ಬಿದ್ದಿರುತ್ತವೆ. ಶೇಂಗಾ ಎಣ್ಣೆಯವು ಎಷ್ಟು, ವನಸ್ಪತಿಯವು ಎಷ್ಟು, ಎಲ್ಲಾ ಒಂದೇ ಮಾರ್ಕಿನವೋ ದಿನಕ್ಕೊಂದು ಮಾರ್ಕಿನವೋ ನೋಡಿ. ದಿನಕ್ಕೊಂದು ಮಾರ್ಕಿನ ಎಣ್ಣೆ ತರುವವನು ಅಗ್ಗಕ್ಕೆ ಸಿಕ್ಕಿದ್ದನ್ನು ತರುತ್ತಾನೆ. ಅವನ ದೋಸೆ ಸೋಮವಾರಕ್ಕೆ ಒಂದು ರುಚಿ, ಮಂಗಳವಾರಕ್ಕೆ ಇನ್ನೊಂದು. ಇನ್ನು ಡಬ್ಬವನ್ನು ಬಿಸಿಲಲ್ಲಿ ಬೋರಲು ಹಾಕಿ ಕೊನೆಯ ತೊಟ್ಟನ್ನೂ ಇಳಿಸಿಕೊಂಡಿದ್ದರೆ, ಆ ಹೋಟೆಲಿನಲ್ಲಿ ಚಹಾ ಕುಡಿಯಿರಿ, ಊಟ ಮಾಡಬೇಡಿ.

ಇದು ನನಗೆ ತಿಳಿದದ್ದು ನಾಲಿಗೆಯಿಂದಲ್ಲ, ದಂಧೆಯಿಂದ. ಐವತ್ತರ ದಶಕದ ಮೊದಲಲ್ಲಿ ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ನನ್ನ ಹತ್ತಿರ ಬಂಡವಾಳ ಇರಲಿಲ್ಲ, ಬಾಯಿ ಇತ್ತು. ಆಗ ನಮ್ಮ ಜಿಲ್ಲೆಯೂ ಮುಂಬಯಿ ರಾಜ್ಯದೊಳಗೇ ಇದ್ದುದರಿಂದ, ಪರದೇಶಕ್ಕೇನೂ ಹೊರಟಿಲ್ಲ, ನಮ್ಮದೇ ರಾಜಧಾನಿಗೆ ಹೊರಟಿದ್ದೇನೆ ಎಂದು ಸಮಾಧಾನ ಹೇಳಿಕೊಂಡು ರೈಲು ಹತ್ತಿದ್ದೆ. ಬಂದು ನೋಡಿದರೆ ಈ ಊರಿನಲ್ಲಿ ಎಲ್ಲರೂ ತುಂಬಿದ ಡಬ್ಬದ ಹಿಂದೆ ಬಿದ್ದಿದ್ದಾರೆ, ಖಾಲಿ ಡಬ್ಬವನ್ನು ಕೇಳುವವರು ಕಡಿಮೆ. ನಾನು ಖಾಲಿ ಡಬ್ಬ ಹಿಡಿದೆ. ಫೋರ್ಟಿನಿಂದ ಮಾಟುಂಗದವರೆಗೆ ಹೋಟೆಲುಗಳ ಹಿಂಬಾಗಿಲಿಗೆ ಹೋಗಿ ಚೌಕಾಸಿ ಮಾಡಿ ಡಬ್ಬ ಕೊಳ್ಳುವುದು, ಕೈಗಾಡಿಯಲ್ಲಿ ಹೇರಿಸುವುದು, ತಗಡಿನ ಕೆಲಸದವರಿಗೆ ಮಾರುವುದು. ಅವರು ಅದನ್ನು ಕತ್ತರಿಸಿ ಜರಡಿ, ಒಲೆ, ಚಿಮಣಿ ದೀಪ, ಕಡೆಗೆ ಗುಡಿಸಲಿನ ಗೋಡೆಯನ್ನು ಕೂಡ ಮಾಡುತ್ತಿದ್ದರು. ಹೊಸ ಊರಿಗೆ ಹೋಗುವವರಿಗೆ ನಾನು ಯಾವಾಗಲೂ ಹೇಳುವ ಮಾತು ಇದೇ: ಅಲ್ಲಿಯವರು ಏನನ್ನು ಕೊಳ್ಳುತ್ತಾರೆ ಎಂದು ಆಮೇಲೆ ನೋಡಿ, ಏನನ್ನು ಎಸೆಯುತ್ತಾರೆ ಎಂದು ಮೊದಲು ನೋಡಿ.

ಕೂಡಿಸಿದ ಡಬ್ಬಗಳನ್ನು ಇಡಲು ಜಾಗ ಬೇಕಲ್ಲ. ಬೊರಿವಲಿ ಆಗ ಊರಿನ ಹೊರಗಿನ ಊರು. ತಾಳೆಮರ, ಗದ್ದೆ, ನಡುವೆ ನಾಲ್ಕು ಮನೆ. ಅಲ್ಲಿ ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷ ನಡೆದರೆ ನನ್ನದೊಂದು ತಗಡಿನ ಶೆಡ್ಡು. ಮುಂದಿನ ಮೂರು ಪಾಲಿನಲ್ಲಿ ಡಬ್ಬ, ಹಿಂದಿನ ಒಂದು ಪಾಲಿನಲ್ಲಿ ನಾನು. ಬೆಳಗಿನ ಬಿಸಿಲು ಬಿದ್ದ ಕೂಡಲೇ ತಗಡು ಹಿಗ್ಗಿ ಡಬ್ಬಗಳು ಒಂದೊಂದಾಗಿ ಟಣ್ ಎನ್ನುತ್ತಿದ್ದವು. ಮನೆಯಲ್ಲಿ ಮಾತು ಅಂತ ಇದ್ದದ್ದು ಅದೊಂದೇ. ನಾನೂ ಒಂದೊಂದು ಸಲ "ಎದ್ದೆನಪ್ಪಾ, ಎದ್ದೆ" ಎಂದು ಉತ್ತರ ಕೊಡುತ್ತಿದ್ದೆ.

ಆಗ ಮುಂಬಯಿಯಲ್ಲಿ ಮದ್ಯಪಾನ ಬಂದ್. ಹಾಗೆಂದು ಕುಡಿಯುವುದಕ್ಕೆ ಏನೂ ಇರಲಿಲ್ಲ ಅಂದುಕೊಳ್ಳಬೇಡಿ. ಬೆಳಗಿನ ಲೋಕಲ್ ಹಿಡಿಯುವ ಮೊದಲು ಸ್ಟೇಷನ್ನಿನ ಹೊರಗೆ ಒಂದು ಗ್ಲಾಸು ನೀರಾ. ಬಿಸಿಲು ಏರುವ ಮುಂಚೆ ಕುಡಿಯಬೇಕು. ಏರಿದ ಮೇಲೆ ಅದು ಹುಳಿಯಾಗುತ್ತದೆ, ಮಾರುವವನು ತಣ್ಣಗಿದೆ ಎಂದು ಆಣೆ ಮಾಡಿದರೂ ನಂಬಬೇಡಿ. ಫೋರ್ಟಿನಲ್ಲಿ ಮೂಲೆಯ ಇರಾನಿ ಹೋಟೆಲಿನವನ ಹತ್ತಿರ ಚಹಾ, ಜೊತೆಗೆ ಬೆಣ್ಣೆ ಸವರಿದ ಗಟ್ಟಿ ಬ್ರೆಡ್ಡು. "ಪಾನಿ ಕಮ್" ಎಂದು ಹೇಳಿದರೆ ನೀರು ಕಡಿಮೆ, ಹಾಲು ಹೆಚ್ಚು. ಹೇಳದೆ ಹೋದವನಿಗೆ ಬಣ್ಣದ ನೀರು. ಅಲ್ಲಿ ಅಮೃತಶಿಲೆಯ ಮೇಜಿಗೆ ಮೊಣಕೈ ಊರಿ ಒಂದು ಕಪ್ಪಿನ ಮೇಲೆ ಒಂದು ತಾಸು ಕೂತರೂ ಯಾರೂ ಏಳೆನ್ನುವುದಿಲ್ಲ. ಕೂತಿರಿ ಎಂದು ಹೇಳುವವರೂ ಇಲ್ಲ. ಗೋಡೆಯ ತುಂಬ ಕನ್ನಡಿ. ಎದುರಿನ ಕುರ್ಚಿ ಖಾಲಿ ಇದ್ದ ದಿನ ನನ್ನನ್ನೇ ನಾನು ನೋಡುತ್ತಾ ಚಹಾ ಕುಡಿಯಬೇಕಾಗುತ್ತಿತ್ತು. ಅದಕ್ಕೇ ನಾನು ಕನ್ನಡಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ನೀವೂ ಹಾಗೇ ಕೂತುಕೊಳ್ಳಿ.

ಊಟಕ್ಕೆ ಉಡುಪಿಯವರ ಹೋಟೆಲು. ಅಲ್ಲಿ ನಾನು ಮೊದಲ ವಾರವೇ ಒಂದು ತಪ್ಪು ಮಾಡಿದೆ.

ನಮ್ಮ ಕಡೆ ಉಣ್ಣಲು ಕೂತವನು ತಾನಾಗಿ ಏನನ್ನೂ ಕೇಳುವುದಿಲ್ಲ. ಬಡಿಸಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕು ಸಾಕು" ಅನ್ನಬೇಕು. ಬಡಿಸುವವರು "ಏನು ಉಂಡ್ರಿ ಅಂತ ಸಾಕು?" ಎಂದು ಆ ಕೈಯನ್ನು ಸರಿಸಿ ಹಾಕಬೇಕು. ಮೊದಲನೆಯ ಸಾಕು ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದು ನಿಜವಾದದ್ದು. ಇದನ್ನು ಯಾರೂ ಕಲಿಸಿಕೊಟ್ಟಿಲ್ಲ, ಹಾಲಿನ ಜೊತೆ ಬಂದದ್ದು. ಫೋರ್ಟಿನ ಹೋಟೆಲಿನಲ್ಲಿ ಅನ್ನದ ಬುಟ್ಟಿ ಹಿಡಿದವನು ನನ್ನ ಎಲೆಯ ಮುಂದೆ ನಿಂತು "ಅನ್ನ?" ಎಂದ. ಹೊಟ್ಟೆ ಅರ್ಧ ಕೂಡ ತುಂಬಿರಲಿಲ್ಲ. ಕೈ ಅಡ್ಡ ಹಿಡಿದು "ಸಾಕು" ಎಂದೆ. ಅವನು ಮುಂದಿನ ಎಲೆಗೆ ಹೋದ. ಮತ್ತೆ ಬರುತ್ತಾನೆ ಎಂದು ಕೈ ಹಾಗೇ ಹಿಡಿದುಕೊಂಡಿದ್ದೆ. ಬಂದ, ಮಜ್ಜಿಗೆ ತಂದ. ಮೂರು ದಿನ ಹೀಗೇ ಆಯಿತು.

ನಾಲ್ಕನೆಯ ದಿನ ಗಲ್ಲೆಯ ಮೇಲೆ ಕೂತ ಕುಂದಾಪುರದ ಕಡೆಯ ಮಾಲಿಕರು ನನ್ನ ಮುಖ ನೋಡಿ ಕೇಳಿದರು: "ಎಂತ, ಊಟ ಸರಿ ಆಗ್ಲಿಲ್ವಾ?"

"ಇನ್ನಷ್ಟು ಅನ್ನ ಬೇಕಾಗಿತ್ರಿ" ಎಂದೆ.

"ಮತ್ತೆ ಸಾಕು ಅಂದದ್ದು ಯಾರು ಮಾರಾಯ್ರೇ? ನಾನಾ?" ಎಂದರು. ಕೈ ತೊಳೆಯಲು ನಿಂತವರೆಲ್ಲ ನಕ್ಕರು. ಅವರು ಒಳ್ಳೆಯವರು, ದನಿ ತಗ್ಗಿಸಿ ಬುದ್ಧಿ ಹೇಳಿದರು: "ನೋಡಿ, ಇಲ್ಲಿ ಬೇಕು ಅಂದ್ರೆ ಬೇಕು, ಸಾಕು ಅಂದ್ರೆ ಸಾಕು. ನಿಮ್ಮ ಹಿಂದೆ ಎಷ್ಟು ಜನ ನಿಂತಿದ್ದಾರೆ ನೋಡಿ. ಒಬ್ಬೊಬ್ಬರ ಹೊಟ್ಟೆ ಒಳಗೆ ಇಣುಕಿ ನೋಡ್ಲಿಕ್ಕೆ ನಮಗೆ ಪುರುಸೊತ್ತುಂಟಾ?"

ಮಾತು ಸರಿಯಾಗಿತ್ತು. ನಾನು ವ್ಯಾಪಾರಿ, ಸರಿಯಾದ ಮಾತನ್ನು ಬೇಗ ಕಲಿಯುತ್ತೇನೆ. ಮರುದಿನದಿಂದ "ಅನ್ನ ತನ್ನಿ", "ಸಾರು ತನ್ನಿ" ಎಂದು ಗಟ್ಟಿಯಾಗಿ ಕೂಗಿ ಹೊಟ್ಟೆ ತುಂಬಿಸಿಕೊಂಡೆ. ಆದರೆ ಹಾಗೆ ತುಂಬಿದ ಹೊಟ್ಟೆಯಲ್ಲಿ ಏನೋ ಕಡಿಮೆಯಿರುತ್ತಿತ್ತು. ದಿನಕ್ಕೆ ನೂರು ಜನರ ಜೊತೆ ಮಾತಾಡುತ್ತಿದ್ದೆ, ಎಲ್ಲವೂ ಡಬ್ಬದ ಮಾತು. ಜ್ವರ ಬಂದು ನಾಲ್ಕು ದಿನ ಶೆಡ್ಡಿನಲ್ಲೇ ಬಿದ್ದಿದ್ದು ಎದ್ದುಹೋದರೆ, "ಡಬ್ಬ ಬಹಳ ಕೂಡಿದೆ, ಯಾಕೆ ಬರಲಿಲ್ಲ?" ಎಂದು ಕೇಳುತ್ತಿದ್ದರು, ಡಬ್ಬಕ್ಕೆ ನನ್ನ ನೆನಪಾಗಿತ್ತು. ಆಗಿನಿಂದ ನಾನು ಹೊಸ ಹೊಸ ಹೋಟೆಲು ಹುಡುಕಿದ್ದು ರುಚಿಗಾಗಿ ಅಲ್ಲ. ರುಚಿ ಬೇಕಾದಷ್ಟು ಇತ್ತು. ನನಗೆ ಬೇಕಾಗಿದ್ದದ್ದು, ಬೇಡ ಎಂದವನ ಕೈ ಸರಿಸಿ ಹಾಕುವ ಒಬ್ಬರು. ಅಂಥ ಒಂದು ಜಾಗ ಈ ಊರಿನಲ್ಲಿ ಸಿಗದಿದ್ದರೆ ಶೆಡ್ಡು ಮಾರಿ ಊರಿಗೆ ಹೋಗಿಬಿಡುವುದು ಎಂದು ಕೂಡ ಲೆಕ್ಕ ಹಾಕಿದ್ದೆ.

ಸಿಕ್ಕಿತು. ಕಿವಿಯಿಂದ ಸಿಕ್ಕಿತು.

ಮಾಟುಂಗ ರೋಡ್ ಸ್ಟೇಷನ್ನಿನಿಂದ ಇಳಿದು ಒಂದು ಚಾಳಿನ ಪಕ್ಕದಲ್ಲಿ ಹಾದು ಹೋಗುತ್ತಿದ್ದೆ. ಮಧ್ಯಾಹ್ನ ಒಂದರ ಸುಮಾರು. ಲೋಕಲ್ ಹೋಗಿ ಸದ್ದು ಅಡಗಿದಾಗ ಮೊದಲ ಮಹಡಿಯಿಂದ ಟಪ್ ಟಪ್ ಟಪ್ ಎಂದು ಕೇಳಿತು. ಬಟ್ಟೆ ಒಗೆಯುವ ಸದ್ದಲ್ಲ, ಅದು ಹೀಗೆ ಒಂದೇ ಲಯದಲ್ಲಿ ಇರುವುದಿಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದು. ಮೊದಲು ನಿಧಾನ, ರೊಟ್ಟಿ ಅಗಲವಾಗುತ್ತಾ ಬಂದಂತೆ ಜೋರು, ಕಡೆಗೆ ತಿರುವಿ ಒಂದು ಮೆಲ್ಲನೆಯ ಏಟು. ಮೆಟ್ಟಿಲು ಹತ್ತಿದೆ. ಗ್ಯಾಲರಿಯ ತುದಿಯ ಖೋಲಿಯ ಬಾಗಿಲಲ್ಲಿ ಧೋತರ ಉಟ್ಟ ಐವತ್ತರ ಒಬ್ಬರು ನಿಂತಿದ್ದರು.

"ಯಾರ್ ಬೇಕಾಗಿತ್ರಿ?"

ಹಸಿವೆಯಾಗಿದೆ ಎನ್ನಲು ನಾಚಿಕೆ. ಬಾಯಿಗೆ ಬಂದದ್ದು ರೂಢಿಯ ಮಾತು: "ಖಾಲಿ ಡಬ್ಬಿ ಅದಾವೇನ್ರಿ?"

"ಡಬ್ಬಿ ಇಲ್ರೆಪಾ. ರೊಟ್ಟಿ ಅದಾವು. ಉಣ್ತೀರೇನು?"

ಒಳಗಿನಿಂದ ಹೆಂಗಸಿನ ದನಿ: "ಬಾಗಲದಾಗ ನಿಲ್ಸಿ ಏನ್ ಕೇಳ್ತೀರಿ ಅವರನ್ನ? ಕಾಲಿಗೆ ನೀರ್ ಕೊಡ್ರಿ."

ಅವರು ನಮ್ಮ ಜಿಲ್ಲೆಯವರೇ, ಇಂಡಿ ತಾಲೂಕಿನ ಕಡೆಯವರು. ಗಂಡನಿಗೆ ಬಟ್ಟೆ ಗಿರಣಿಯ ಕೆಲಸ ಹೋದ ಮೇಲೆ ಹೆಂಡತಿ ಮನೆಯಲ್ಲೇ ಖಾನಾವಳಿ ಹಾಕಿದ್ದರು. ಖೋಲಿ ಸಣ್ಣದು. ಗೋಡೆಗೆ ಬೆನ್ನು ಹಚ್ಚಿ ಆರು ಜನ ಒಂದು ಪಂಕ್ತಿ. ಅವರು ಎದ್ದ ಮೇಲೆ ಎರಡನೆಯ ಪಂಕ್ತಿ, ಆಮೇಲೆ ಮೂರನೆಯದು. ಮೂಲೆಯಲ್ಲಿ ಇದ್ದಿಲ ಒಲೆಯ ಮುಂದೆ ನಮ್ಮ ಕಡೆಗೆ ಬೆನ್ನು ಮಾಡಿ ಕೂತು ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ಗಂಡ ಬಿಸಿಬಿಸಿ ತಂದು ತಾಟಿಗೆ ಹಾಕುತ್ತಿದ್ದರು. ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಒಡೆದ ಉಳ್ಳಾಗಡ್ಡಿ, ಮೊಸರು. ಎರಡು ರೊಟ್ಟಿ ಮುಗಿಸಿ, ಮೂರನೆಯದು ಬಂದಾಗ ಕೈ ಅಡ್ಡ ಹಿಡಿದು "ಸಾಕ್ರಿ" ಎಂದೆ.

ಒಲೆಯ ಮುಂದಿನಿಂದ, ತಿರುಗಿ ನೋಡದೆಯೇ ದನಿ ಬಂತು: "ಹಾಕ್ರಿ ಅವರಿಗೆ. ಆ ಸಾಕಿನಾಗ ಇನ್ನೂ ಹಸಿವಿ ಐತಿ."

"ಬ್ಯಾಡ್ರಿ ಅಕ್ಕಾರ, ಖರೇನ ಸಾಕು."

"ಈಗ ಒಂದೀಟು ಕಮ್ಮಿ ಆತು. ಅರ್ಧ ಹಾಕ್ರಿ. ಡಬ್ಬಿ ಮಾರಾವ್ರು ಅಂತ ಹೊಟ್ಟೀನೂ ಖಾಲಿ ಇಟ್ಕೊಂಡು ಹೋಗಬೇಕಂತೇನಿಲ್ಲ ತಮ್ಮಾ."

ಪಂಕ್ತಿಯವರು ನಕ್ಕರು. ನಾನು ತಾಟಿನ ಮೇಲೆ ಬಗ್ಗಿ ರೊಟ್ಟಿ ಮುರಿದೆ, ಬಹಳ ಹೊತ್ತು ತಲೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಬರೆಯುವ ಅಗತ್ಯವಿಲ್ಲ.

ಅಂದಿನಿಂದ ನನ್ನ ಬೆಳಗಿನ ತಿರುಗಾಟವನ್ನೆಲ್ಲ ಒಂದು ಗಂಟೆಗೆ ಮಾಟುಂಗ ರೋಡಿಗೆ ಬಂದು ನಿಲ್ಲುವ ಹಾಗೆ ಜೋಡಿಸಿದೆ. ನನ್ನ ಜಾಗ ಬಾಗಿಲ ಪಕ್ಕ. ನನ್ನ ಬಲಕ್ಕೆ ಧಾರವಾಡದವರೊಬ್ಬರು, ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಪಾಳಿಯ ಕೆಲಸವಾದ್ದರಿಂದ ಮಧ್ಯಾಹ್ನ ಬರುತ್ತಿದ್ದರು, ನನ್ನನ್ನು "ಡಬ್ಬಿ ಸಾವ್ಕಾರ್ರ" ಎಂದು ಕರೆಯುತ್ತಿದ್ದರು. ಅಕ್ಕಾರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಕಡಿಮೆ. ಬೆನ್ನು, ಮೊಣಕೈ, ಬೆವರಿಗೆ ಅಂಟಿದ ಕುಪ್ಪಸ, ಕೈ ಏರಿದಾಗಲೆಲ್ಲ ಸದ್ದು ಮಾಡುವ ಹಸಿರು ಬಳೆ. ಅವರು ನಮ್ಮನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಇವರ ಸಾಕು ಹುಸಿ, ಅವರದು ಖರೆ, ಮೂಲೆಯವರದು ಸಿಟ್ಟಿನದು, ಯಾರ ಜೊತೆಯೋ ಜಗಳಾಡಿ ಬಂದಿದ್ದಾರೆ ಎಂದು ಬೆನ್ನು ಹಾಕಿಕೊಂಡೇ ಹೇಳುತ್ತಿದ್ದರು. ಒಂದು ದಿನ ನನ್ನ ಸರಕು ಪೂರ್ತಿ ಮಳೆಗೆ ಸಿಕ್ಕಿ ತುಕ್ಕು ಹಿಡಿದಿತ್ತು. ಯಾರಿಗೂ ಹೇಳಿರಲಿಲ್ಲ. ಎರಡನೆಯ ರೊಟ್ಟಿಗೇ ಸಾಕು ಎಂದೆ. "ಇವತ್ತ ಒತ್ತಾಯ ಮಾಡಬ್ಯಾಡ್ರಿ, ಮೊಸರು ಹಾಕ್ರಿ" ಎಂದರು. ಮೊಸರು ಹಾಕಿದರು. ಅಷ್ಟೇ. ಆ ವರ್ಷದಲ್ಲಿ ನನ್ನನ್ನು ಕಂಡುಹಿಡಿದವರು ಅವರೊಬ್ಬರೇ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಬಾಯಿ.

ಮಳೆಗಾಲ ಕಳೆದ ಮೇಲೆ ಗಿರಾಕಿಗಳು ಹೆಚ್ಚಾದರು. ಒಂದು ಮಧ್ಯಾಹ್ನ ನಾನು ಉಂಡು ಗ್ಯಾಲರಿಯಲ್ಲಿ ಎಲೆ ಅಡಿಕೆ ಹಾಕುತ್ತಾ ನಿಂತಿದ್ದೆ. ಮೂರನೆಯ ಪಂಕ್ತಿಗೆ ಕಾದಿದ್ದ ಗಿರಣಿಯ ನಾಲ್ಕು ಜನಕ್ಕೆ ಹಿಟ್ಟು ತೀರಿಹೋಗಿತ್ತು. ಮೊದಲಿನ ಎರಡು ಪಂಕ್ತಿಯಲ್ಲಿ ಕೈ ಸರಿಸಿ ಸರಿಸಿ ಹಾಕಿದ್ದೇ ಕಾರಣ. ಆ ನಾಲ್ವರು ಹಸಿದೇ ಮೆಟ್ಟಿಲಿಳಿದು ಹೋದರು. ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಒಳಗೆ ಅಕ್ಕಾರು ಬಲಗೈ ಮಣಿಕಟ್ಟಿಗೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತಿದ್ದರು. ಮಣಿಕಟ್ಟು ಬಾತಿತ್ತು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಪದ್ಧತಿನಽ ತಪ್ಪೈತ್ರಿ" ಎಂದೆ. "ಸಾಕು ಅಂದವರಿಗೆ ಯಾಕ ಹಾಕ್ತೀರಿ? ಉಡುಪಿಯವರನ್ನ ನೋಡ್ರಿ. ತಾಟಿಗೆ ಎರಡು ರೊಟ್ಟಿ, ಪಲ್ಯ, ಅನ್ನ. ಸಾಕು ಅಂದ್ರ ಮುಂದ ಹೋಗೂದು. ಬೇಕಾದವರು ಬಾಯಿ ಬಿಟ್ಟು ಕೇಳ್ತಾರ, ಕೇಳಿದವರಿಗೆ ಹಾಕೂದು. ಹಿಟ್ಟೂ ಉಳೀತೈತಿ, ಅಕ್ಕಾರ ಕೈನೂ ಉಳೀತೈತಿ, ಕಡೀ ಪಂಕ್ತಿಯವರೂ ಉಣ್ತಾರ."

ಅಕ್ಕಾರು ಒಳಗಿನಿಂದ ಹೇಳಿದರು: "ಮಾನ ಇದ್ದಾವ್ರು ಉಣ್ಣಾಕ ಕುಂತಲ್ಲಿ ಬಾಯಿ ಬಿಟ್ಟು ಕೇಳ್ತಾರೇನು ತಮ್ಮಾ?"

"ಕಲೀತಾರ ಅಕ್ಕಾರ. ನಾ ಕಲತಿಲ್ಲೇನು ಫೋರ್ಟಿನಾಗ?"

"ಅದು ಹೋಟೆಲ್ಲು."

"ಇದೇನು ಮಠಾನ?"

ಅವರು ಮಾತಾಡಲಿಲ್ಲ. ನಾನು ಬಿಡಲಿಲ್ಲ. ಚೌಕಾಸಿಯಲ್ಲಿ ಎದುರಿನವನು ಸುಮ್ಮನಾದರೆ ಅರ್ಧ ಗೆದ್ದಂತೆ ಎಂಬುದು ನನ್ನ ದಂಧೆಯ ಮೊದಲ ಪಾಠ. ಮೂರು ದಿನ ಉಂಡಾದ ಮೇಲೆ ಗ್ಯಾಲರಿಯಲ್ಲಿ ಗಂಡನ ಹತ್ತಿರ ಕೂತು ಅದನ್ನೇ ತಿರುತಿರುಗಿ ಹೇಳಿದೆ. ಮೂರನೆಯ ದಿನ ಅಕ್ಕಾರಿಗೆ ಹಿಟ್ಟು ನಾದುವುದೇ ಕಷ್ಟವಾಗಿತ್ತು. "ಆತು, ಡಬ್ಬಿ ಸಾವ್ಕಾರ್ರು ಹೇಳಿದ್ಹಾಂಗ ಮಾಡೂಣು" ಎಂದು ಗಂಡ ಒಪ್ಪಿಕೊಂಡರು. ಅಂದು ಬೊರಿವಲಿಯ ಲೋಕಲ್ಲಿನಲ್ಲಿ ನಾನು ದೊಡ್ಡ ವ್ಯಾಪಾರ ಕುದುರಿಸಿದವನ ಹಾಗೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದೆ.

ಸೋಮವಾರದಿಂದ ಹೊಸ ಪದ್ಧತಿ. ತಾಟಿಗೆ ಎರಡು ರೊಟ್ಟಿ. ಮುಗಿಸಿದೆ. ಗಂಡ ಮುಂದೆ ಬಂದು ನಿಂತು "ರೊಟ್ಟಿ?" ಎಂದರು. ನನ್ನ ಕೈ ತಾನಾಗಿಯೇ ಅಡ್ಡ ಬಂತು. ಬಾಯಿ ತಾನಾಗಿಯೇ "ಸಾಕ್ರಿ" ಎಂದಿತು.

"ಆತ್ರಿ" ಎಂದು ಅವರು ಗುಮಾಸ್ತರ ಮುಂದಕ್ಕೆ ಹೋದರು.

ಒಲೆಯ ಕಡೆ ನೋಡಿದೆ. ಬೆನ್ನು ಅಲುಗಲಿಲ್ಲ. ಟಪ್ ಟಪ್ ಸದ್ದು ಒಂದು ಕ್ಷಣ ನಿಂತ ಹಾಗಾಯಿತು. ಅದು ನಿಜವೋ ನಾನು ಅಂದುಕೊಂಡದ್ದೋ ಗೊತ್ತಿಲ್ಲ. ಮತ್ತೆ ಶುರುವಾಯಿತು. ನನ್ನ ಸಾಕಿನಲ್ಲಿ ಎಷ್ಟು ಹಸಿವೆ ಇತ್ತೆಂದು ಅವರಿಗೆ ಕೇಳಿಸಿರಲೇಬೇಕು. ಆದರೂ ಅವರು ಒಂದು ಮಾತು ಆಡಲಿಲ್ಲ. ಆಡಬಾರದೆಂದು ಕಲಿಸಿದವನು ನಾನೇ.

ಪಕ್ಕದ ಗುಮಾಸ್ತರು ಒಂದಿಷ್ಟೂ ಅಳುಕದೆ "ಇನ್ನೊಂದು ಹಾಕ್ರಿ, ಮ್ಯಾಲೊಂದೀಟು ಬೆಣ್ಣಿ" ಎಂದು ಕೇಳಿ ಹಾಕಿಸಿಕೊಂಡರು. ನನ್ನ ಕಡೆ ತಿರುಗಿ, "ಏನ್ರಿ ಸಾವ್ಕಾರ್ರ, ಕಾಯ್ದೆ ಬರದಾವ್ರಽ ಹಸದು ಏಳಾಕತ್ತೀರಿ?" ಎಂದರು. ನಾನೂ ನಕ್ಕೆ.

ಒಂದು ವಾರದಲ್ಲಿ ಎಲ್ಲರೂ ಕಲಿತರು. ಮಾನದ ಮಾತು ಅಕ್ಕಾರು ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ, ಹಸಿವೆ ಅದಕ್ಕಿಂತ ಗಟ್ಟಿ. ಮೂರನೆಯ ಪಂಕ್ತಿಯ ಗಿರಣಿಯವರು ಹೊಟ್ಟೆ ತುಂಬ ಉಂಡು ಹೋಗತೊಡಗಿದರು. ಕೇಳಲು ಬಾರದವನು ನಾನೊಬ್ಬನೇ. ಫೋರ್ಟಿನಲ್ಲಿ ಗಂಟಲು ಹರಿಯುವಂತೆ "ಅನ್ನ ತನ್ನಿ" ಎಂದು ಕೂಗುವವನಿಗೆ ಇಲ್ಲಿ ಒಂದು ರೊಟ್ಟಿ ಕೇಳಲು ಬಾಯಿ ಬರಲಿಲ್ಲ. ಒಂದೆರಡು ಸಲ ಪ್ರಯತ್ನಪಟ್ಟು ಕೇಳಿದೆ. ತಂದು ಹಾಕಿದರು. ಅದೇ ಜೋಳ, ಅದೇ ಕೈ, ಅದೇ ಬಿಸಿ. ಆದರೆ ಅದು ಫೋರ್ಟಿನ ಅನ್ನವಾಗಿತ್ತು. ಆಮೇಲೆ ಸಾಕು ಎನ್ನುವುದನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿದೆ; ಮೆಲ್ಲಗೆ, ಎಳೆದು, ನಡುವೆ ಒಮ್ಮೆ ನಿಂತು. ಗಂಡ ಎಲ್ಲದಕ್ಕೂ "ಆತ್ರಿ" ಎಂದು ಮುಂದೆ ಹೋದರು. ಇಷ್ಟು ವರ್ಷ ಡಬ್ಬ ಮಾರುವವರ ಎದುರು ಮುಖದ ಮೇಲೆ ಏನೂ ತೋರಗೊಡದೆ ಬದುಕಿದವನು, ಒಂದು ರೊಟ್ಟಿಗಾಗಿ ದನಿಯಲ್ಲಿ ನಾಟಕ ಮಾಡುತ್ತಿದ್ದೆ.

ಕಡೆಗೆ, ಮಾಡಿದ ವ್ಯವಹಾರವನ್ನು ತಿರುಗಿಸಬೇಕೆಂದು ನಿರ್ಧರಿಸಿದೆ. ಮೂರೂ ಪಂಕ್ತಿ ಎದ್ದ ಮೇಲೆ ಮತ್ತೆ ಮೆಟ್ಟಿಲು ಹತ್ತಿದೆ. ಅಕ್ಕಾರು ಗ್ಯಾಲರಿಯಲ್ಲಿ ಚಾಪೆ ಹಾಕಿಕೊಂಡು, ಕೂದಲು ಬಿಚ್ಚಿ ಹಣಿಗೆ ಆಡಿಸುತ್ತಾ ಕೂತಿದ್ದರು. ಅವರು ಬಿಡುವಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖವನ್ನೂ ಆಗಲೇ ಸರಿಯಾಗಿ ನೋಡಿದ್ದು. ನಾನು ಅಂದುಕೊಂಡದ್ದಕ್ಕಿಂತ ವಯಸ್ಸಾಗಿತ್ತು.

"ಬರ್ರಿ ತಮ್ಮಾ" ಎಂದು ಎದುರು ಕೈ ಚಾಚಿ ತೋರಿಸಿದರು. "ನೋಡ್ರಿ, ಬಾವು ಇಳದೈತಿ. ನೀವು ಹೇಳದಿದ್ರ ಈ ಕೈ ಉಳೀತಿರಲಿಲ್ಲ. ಈಗ ದಿನಾ ಮಧ್ಯಾಹ್ನ ಒಂದೀಟು ಬೆನ್ನು ನೆಲಕ್ಕ ಹಚ್ತೀನಿ. ನಿಮ್ಮ ಪುಣ್ಯ."

ನಾನು ತಂದಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಉದುರಿದವು. ಹಳೆಯ ಪದ್ಧತಿಗೇ ಹೋಗೋಣ ಎಂದು ಯಾವ ಬಾಯಿಯಿಂದ ಹೇಳುವುದು? ಇಡೀ ಸರಕು ಬಿಟ್ಟು ಒಂದು ಡಬ್ಬಕ್ಕೆ ಇಳಿದೆ.

"ಎಲ್ಲಾರಿಗೂ ಹೀಂಗಽ ಇರಲಿ ಅಕ್ಕಾರ. ನನಗೊಬ್ಬನಿಗೆ, ನಾ ಬ್ಯಾಡ ಅಂದ್ರೂ ಹಾಕ್ರಿ."

ಹಣಿಗೆ ನಿಂತಿತು. ನನ್ನನ್ನು ನೋಡಿ ನಗಲು ಹೋದವರು ನಗಲಿಲ್ಲ.

"ಬ್ಯಾಡ ಅಂದ್ರೂ ಹಾಕ್ರಿ ಅಂತ ಮೊದಲ ಹೇಳಿಟ್ಟ ಮ್ಯಾಲ, ಹಾಕಿದ್ರ ಅದು ಹಾಕಿದ್ಹಾಂಗ ಆಗತೈತೇನು?"

"ಆಗತೈತ್ರಿ" ಎಂದೆ. ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಹಾಕಸ್ತೀನಿ ಬಿಡ್ರಿ" ಎಂದರು. ಮತ್ತೆ ಹಣಿಗೆ ಆಡಿಸುತ್ತಾ ಕೇಳಿದರು: "ಮನಿಯಾಗ ಯಾರರ ಅದಾರೇನು ತಮ್ಮಾ ಊರಾಗ?"

"ಇಲ್ರಿ. ಅವ್ವ ಇದ್ದಳು."

ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೆಳಗೆ ಲೋಕಲ್ ಹೋಗುವ ಸದ್ದಿನಲ್ಲಿ ನಾನು ಎದ್ದೆ.

ಮರುದಿನ ಬಾಗಿಲ ಪಕ್ಕದ ನನ್ನ ಜಾಗದಲ್ಲಿ ಕೂತೆ. ಎರಡು ರೊಟ್ಟಿ ಮುಗಿಯಿತು. ಗಂಡ ಮೂರನೆಯದನ್ನು ಕೈಯಲ್ಲಿ ಹಿಡಿದೇ ಬಂದರು.

"ಸಾಕ್ರಿ" ಎಂದೆ, ಕೈ ಅಡ್ಡ ಹಿಡಿದೆ.

ಅವರು ನನ್ನ ಕೈಯನ್ನು ಹಿಡಿದು, ಬಹಳ ಜೋಪಾನವಾಗಿ, ಗಾಜಿನ ಸಾಮಾನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದರು. ರೊಟ್ಟಿ ಇಟ್ಟರು. ಆಮೇಲೆ, ಹೊಸ ಕೆಲಸಕ್ಕೆ ಸೇರಿದವನು ಧಣಿಯ ಮುಖ ನೋಡುವಂತೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಸರಿ ಆತೇನ್ರಿ?"

"ಸರಿ ಆತ್ರಿ" ಎಂದೆ.

ಅವರಿಗೆ ಸಮಾಧಾನವಾಯಿತು. ಗುಮಾಸ್ತರು ನಮ್ಮಿಬ್ಬರನ್ನೂ ನೋಡಿ ಏನೋ ಕೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ ತಮ್ಮ ತಾಟಿನ ಕಡೆ ತಿರುಗಿದರು. ಆ ರೊಟ್ಟಿಯನ್ನು ಪೂರ್ತಿ ತಿಂದೆ. ಬಿಟ್ಟು ಏಳುವುದು ಅನ್ನಕ್ಕೆ ಅವಮಾನ. ಕೈ ತೊಳೆದು ಬಂದು, ನಾಳೆಯಿಂದ ಇದು ಬೇಡ, ಎಲ್ಲರ ಹಾಗೆಯೇ ನನಗೂ ಇರಲಿ ಎಂದು ಗಂಡನಿಗೆ ಹೇಳಿದೆ. ಅವರು ಒಳಗೆ ಅಕ್ಕಾರ ಕಡೆ ನೋಡಿದರು. ಅಕ್ಕಾರು ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು, ಬಡಿಯಲು ಶುರುಮಾಡಿದರು.

ಈ ಊರಿನಲ್ಲಿ ಒಬ್ಬರೇ ಇರುವವರಿಗೆ ಒಂದು ಮಾತು ಹೇಳುತ್ತೇನೆ. ಒಂದು ಜಾಗ ಮನಸ್ಸಿಗೆ ಬಂದರೆ ಅದನ್ನು ಸುಧಾರಿಸಲು ಹೋಗಬೇಡಿ. ಅದರ ಯಾವ ಕೊರತೆಯಿಂದ ನಿಮ್ಮ ಹೊಟ್ಟೆ ತುಂಬುತ್ತಿದೆ ಎಂದು ನಿಮಗೇ ಗೊತ್ತಿರುವುದಿಲ್ಲ. ಹಾಗೆಂದು ನನ್ನ ಸಲಹೆ ತಪ್ಪಾಗಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ. ಆ ಕೈಯ ಬಾವು ಇಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಶೆಡ್ಡನ್ನೇನೂ ಮಾರಲಿಲ್ಲ, ಊರಿಗೆ ಹೋಗಲಿಲ್ಲ. ಹೋದರೆ ಅಲ್ಲಿಯೂ ಕೈ ಸರಿಸುವವರು ಉಳಿದಿರಲಿಲ್ಲ. ಮಾಟುಂಗ ರೋಡಿನ ಆ ಖೋಲಿಯಲ್ಲಿ ಮುಂದೆ ಎರಡು ವರ್ಷ ಉಂಡೆ. ಕೇಳಿದ ದಿನ ಮೂರು ರೊಟ್ಟಿ, ಕೇಳದ ದಿನ ಎರಡು. ಹೆಚ್ಚಾಗಿ ಎರಡು.